‘ನಮ್ಮ ಮನೆಗೆ ಆಪರೇಶನ್ ಆಗಿಬರೋದಿಲ್ಲ’ ಅಂದ ಅಜ್ಜಿಯ ಮಾತು

ಪ್ರಶ್ನೆ: ಡಾಕ್ಟ್ರೇ, ನಮ್ಮದು ಕುಮಟಾ ತಾಲ್ಲೂಕು, ಅಘನಾಶಿನಿ ಹೊಳೆ ಬದಿಯ ಊರು. ಮಗನಿಗೆ 9 ವರ್ಷ, ತೂಕ 26 ಕೆ.ಜಿ. ಟಾನ್ಸಿಲ್ ದೊಡ್ಡದಾಗಿದೆ. ರಾತ್ರಿ ಗೊರಕೆ ಹೊಡೆಯುತ್ತಾನೆ, ನಡುನಡುವೆ ಉಸಿರೇ ನಿಂತ ಹಾಗಾಗಿ ಬೆಚ್ಚಿ ಏಳುತ್ತಾನೆ. ಆಪರೇಶನ್ ಮಾಡಿಸಿ ಅಂದಿದ್ದಾರೆ. ನಮ್ಮ ಭಯ ಬೇರೆ. 6 ವರ್ಷದ ಹಿಂದೆ ನನ್ನ ಅಣ್ಣ ತೆಂಗಿನ ಮರದಿಂದ ಬಿದ್ದು ಕೈ ಮುರಿದುಕೊಂಡ. ಪೂರ್ತಿ ಮತ್ತು (ಅನಸ್ತೇಶಿಯಾ) ಕೊಟ್ಟು ಆಪರೇಶನ್ ಶುರು ಮಾಡಿದ ಮೇಲೆ ಮೈಯೆಲ್ಲ ಸೆಟೆದು, ಜ್ವರ 106 ದಾಟಿತಂತೆ. ಮೂತ್ರ ಕಪ್ಪು ಚಹಾದ ಹಾಗಿತ್ತು. ಡಯಾಲಿಸಿಸ್ ಆಗಿ, 11 ದಿನ ಐಸಿಯುನಲ್ಲಿದ್ದು ಬದುಕಿ ಬಂದ. ಡಿಸ್ಚಾರ್ಜ್ ಕಾಗದದಲ್ಲಿ ‘ಮಲಿಗ್ನೆಂಟ್’ ಅಂತ ಓದಿ ನಾವು ಕ್ಯಾನ್ಸರ್ ಅಂದುಕೊಂಡು ಅತ್ತಿದ್ದೇವೆ. ಅಜ್ಜನ ತಮ್ಮ ಕೂಡ ಹಿಂದೆ ಅಪೆಂಡಿಕ್ಸ್ ಆಪರೇಶನ್ ಆಗುವಾಗಲೇ ತೀರಿಕೊಂಡಿದ್ದರು. ‘ನಮ್ಮ ಮನೆಗೆ ಆಪರೇಶನ್ ಆಗಿಬರೋದಿಲ್ಲ’ ಅನ್ನುತ್ತಾರೆ ಅಜ್ಜಿ. ಮಗುವಿನದು ಉಷ್ಣದ ಮೈ, ಮೊದಲು ತಂಪು ಮಾಡಿ ಅಂತ ಅತ್ತೆ ದಿನಾ ಕೋಕಂ, ತಂಬುಳಿ ಕೊಡುತ್ತಿದ್ದಾರೆ. ಇದಕ್ಕೆ ಪರೀಕ್ಷೆ ಇದೆಯಾ? ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಬಹುದಲ್ವಾ? ಇಲ್ಲೇ ಮಾಡಿಸಬಹುದಾ, ದೊಡ್ಡ ಊರಿಗೇ ಹೋಗಬೇಕಾ?

ಉತ್ತರ: ಮೊದಲು ನಿಮ್ಮ ಅಜ್ಜಿಯ ಮಾತು. ಅದನ್ನು ಮೂಢನಂಬಿಕೆ ಅಂತ ತಳ್ಳಿಹಾಕಬೇಡಿ. ನಿಮ್ಮ ಅಣ್ಣನಿಗೆ ಆದದ್ದು ಮಲಿಗ್ನೆಂಟ್ ಹೈಪರ್‌ಥರ್ಮಿಯಾ ಅನ್ನುವ ಕಾಯಿಲೆ. ಅದು ವೈದ್ಯಲೋಕಕ್ಕೆ ಗೊತ್ತಾಗಿದ್ದೇ ಅಂಥ ಒಂದು ಮಾತಿನಿಂದ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ 21 ವರ್ಷದ ಹುಡುಗನೊಬ್ಬ ಕಾಲು ಮುರಿದುಕೊಂಡು ಆಸ್ಪತ್ರೆಗೆ ಬಂದಿದ್ದ. ಅವನಿಗೆ ಕಾಲಿನ ಚಿಂತೆ ಇರಲಿಲ್ಲ, ಮತ್ತು ಕೊಡುತ್ತಾರಲ್ಲ ಅನ್ನೋದೇ ಚಿಂತೆ. ಅವನ ಬಳಗದಲ್ಲಿ 10 ಜನ ಆಪರೇಶನ್‌ಗೆ ಅಂತ ಮತ್ತು ತೆಗೆದುಕೊಂಡು ಎದ್ದೇ ಇರಲಿಲ್ಲ. ಅವರಿಗೆಲ್ಲ ಈಥರ್ ಅನ್ನುವ ಮತ್ತಿನ ಮದ್ದು ಕೊಟ್ಟಿದ್ದರು ಅಂತ ಇವನಿಗೆ ಆಗ ಹೊಸದಾಗಿದ್ದ ಹ್ಯಾಲೋಥೇನ್ ಕೊಟ್ಟರು. ಅದೂ ಕೆಟ್ಟಿತು. ಮೈ ಕೆಂಡವಾಯಿತು. ಮದ್ದು ನಿಲ್ಲಿಸಿ, ಮೈ ತಣಿಸಿ, ಹೇಗೋ ಉಳಿಸಿಕೊಂಡರು. ಡೆನ್‌ಬರೋ ಮತ್ತು ಲೊವೆಲ್ ಅನ್ನುವ ಇಬ್ಬರು ವೈದ್ಯರು 1960ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಗೆ ಈ ಮನೆತನದ ಕಥೆಯನ್ನು ಪುಟ್ಟ ಪತ್ರವಾಗಿ ಬರೆದರು. ಅಲ್ಲಿಂದಲೇ ಇದನ್ನು ಹುಡುಕುವ ಕೆಲಸ ಶುರುವಾಗಿದ್ದು. ಅದೇ ಹುಡುಗನಿಗೆ ಮುಂದೊಮ್ಮೆ ಕಲ್ಲಿನ ತೊಂದರೆಗೆ ಆಪರೇಶನ್ ಬೇಕಾದಾಗ ಬೆನ್ನಿಗೆ ಇಂಜೆಕ್ಷನ್, ಅಂದರೆ ಸ್ಪೈನಲ್, ಕೊಟ್ಟರು, ಏನೂ ಆಗಲಿಲ್ಲ.

ಅಂದರೆ ಅಜ್ಜಿ ಹೇಳಿದ್ದರಲ್ಲಿ ಒಂದು ಪದ ಬದಲಾಯಿಸಿದರೆ ಸಾಕು. ನಿಮ್ಮ ಮನೆಗೆ ಆಪರೇಶನ್ ಆಗಿಬರೋದಿಲ್ಲ ಅಂತಲ್ಲ, ಕೆಲವು ಮದ್ದು ಆಗಿಬರೋದಿಲ್ಲ.

ಕಾಯಿಲೆಯ ಹೆಸರು ಆಗಲೇ ಹೇಳಿದೆ, ಮಲಿಗ್ನೆಂಟ್ ಹೈಪರ್‌ಥರ್ಮಿಯಾ. ಇಲ್ಲಿ ‘ಮಲಿಗ್ನೆಂಟ್’ ಅಂದರೆ ಕ್ಯಾನ್ಸರ್ ಅಲ್ಲ, ಪ್ರಾಣಕ್ಕೆ ಎರವಾಗುವಷ್ಟು ಕೆಟ್ಟದ್ದು ಅಂತ ಅಷ್ಟೇ. ಆ ಒಂದು ಪದಕ್ಕೆ ನಿಮ್ಮ ಮನೆಯವರು 6 ವರ್ಷ ಎಷ್ಟು ನೊಂದಿರಬೇಕು ಅಂತ ಪತ್ರ ಓದುವಾಗ ನನಗೆ ಸಂಕಟವಾಯಿತು. ಕಾಗದ ಕೈಗೆ ಕೊಡುವಾಗ ಯಾರಾದರೂ ಎರಡು ನಿಮಿಷ ಕೂತು ಹೇಳಬೇಕಿತ್ತು.

ಒಳಗೆ ಏನಾಗುತ್ತದೆ ಅಂದರೆ, ನಿಮ್ಮ ಕಡೆಯ ಹೊಳೆಬದಿಯ ಗಜನಿ ಗದ್ದೆಯನ್ನೇ ನೆನಪಿಸಿಕೊಳ್ಳಿ. ಭರತದ ಉಪ್ಪುನೀರು ಎಷ್ಟು ಒಳಗೆ ಬರಬೇಕು ಅನ್ನೋದನ್ನು ಜಂತ್ರಡಿಯ, ಅಂದರೆ ಕಟ್ಟೆಯ ತೂಬಿನ, ಬಾಗಿಲು ನೋಡಿಕೊಳ್ಳುತ್ತದೆ. ನಮ್ಮ ಸ್ನಾಯುವಿನ ಕಣದಲ್ಲೂ ಕ್ಯಾಲ್ಸಿಯಂ ತುಂಬಿದ ಒಂದು ಕಣಜ ಇದೆ, ಅದಕ್ಕೊಂದು ಬಾಗಿಲಿದೆ. ಬಾಗಿಲು ತೆರೆದರೆ ಸ್ನಾಯು ಬಿಗಿಯುತ್ತದೆ, ಮುಚ್ಚಿದರೆ ಸಡಿಲಾಗುತ್ತದೆ. ಈ ಬಾಗಿಲನ್ನು ಕಟ್ಟುವ ಜೀನ್ ಆರ್‌ವೈಆರ್1. ಇಂಥ ಹೆಚ್ಚಿನ ಮನೆತನಗಳಲ್ಲಿ ದೋಷ ಇರುವುದು ಇದರಲ್ಲೇ. ದಿನನಿತ್ಯದ ಬದುಕಿನಲ್ಲಿ ಬಾಗಿಲು ಸರಿಯಾಗೇ ಕೆಲಸ ಮಾಡುತ್ತಿರುತ್ತದೆ. ನಿಮ್ಮ ಅಣ್ಣ ಮರ ಹತ್ತುತ್ತಿದ್ದರು, ಭಾರ ಹೊರುತ್ತಿದ್ದರು, ಏನೂ ಆಗಿರಲಿಲ್ಲ ಅಲ್ವಾ? ಆದರೆ ಕೆಲವು ಮದ್ದು ಸೋಕಿದಾಗ ಆ ಬಾಗಿಲು ತೆರೆದದ್ದು ಮುಚ್ಚುವುದಿಲ್ಲ. ಮೈಯ ಸ್ನಾಯುವೆಲ್ಲ ಒಂದೇ ಸಮ ಬಿಗಿದು ದುಡಿಯಲು ಶುರು ಮಾಡುತ್ತದೆ. ಮನುಷ್ಯ ಅಲ್ಲಾಡದೆ ಮಲಗಿದ್ದಾನೆ, ಒಳಗೆ ಸ್ನಾಯುಗಳು ಬೆಟ್ಟ ಹತ್ತುತ್ತಿವೆ. ಕಾರ್ಬನ್ ಡೈಆಕ್ಸೈಡ್ ಏರುತ್ತದೆ, ರಕ್ತ ಆಮ್ಲವಾಗುತ್ತದೆ, ಮೈ ಕಾಯುತ್ತದೆ. ಕಡೆಗೆ ಸ್ನಾಯುವಿನ ಕಣಗಳೇ ಒಡೆದು ಪೊಟ್ಯಾಶಿಯಂ ರಕ್ತಕ್ಕೆ ಸುರಿದು ಹೃದಯ ಲಯ ತಪ್ಪುತ್ತದೆ. ಸ್ನಾಯುವಿನ ಕೆಂಪು ಬಣ್ಣದ ಪದಾರ್ಥ ಕಿಡ್ನಿಯಲ್ಲಿ ಕಟ್ಟಿಕೊಳ್ಳುತ್ತದೆ. ಅಣ್ಣನ ಕಪ್ಪು ಚಹಾದಂಥ ಮೂತ್ರ, ಡಯಾಲಿಸಿಸ್ ಎರಡಕ್ಕೂ ಕಾರಣ ಇದೇ.

ಜ್ವರ ಮೊದಲು ಬರುತ್ತದೆ ಅಂತ ಎಲ್ಲರೂ ತಿಳಿಯುತ್ತಾರೆ. ಹಾಗಲ್ಲ, ಅದು ಎಷ್ಟೋ ಸಲ ತಡವಾಗಿ ಬರುತ್ತದೆ. ನಾನು ಕಲಿಯುತ್ತಿದ್ದ ದಿನಗಳಲ್ಲಿ ಒಂದು ದೊಡ್ಡ ಆಸ್ಪತ್ರೆಯ ಓಟಿಯಲ್ಲಿ ಇಂಥದೊಂದನ್ನು ಕಣ್ಣಾರೆ ನೋಡಿದ್ದೇನೆ. ಮಾನಿಟರಿನಲ್ಲಿ ಉಸಿರಿನ ಕಾರ್ಬನ್ ಡೈಆಕ್ಸೈಡ್ 38 ಇದ್ದದ್ದು 50 ಆಯಿತು. ಉಸಿರಾಟ ಜಾಸ್ತಿ ಮಾಡಿದೆವು. ಇಳಿಯಬೇಕಿತ್ತು, ಇಳಿಯಲಿಲ್ಲ, 70 ಆಯಿತು. ನಾಡಿ 150. ಮೈ ಇನ್ನೂ ಅಷ್ಟೇನೂ ಬಿಸಿಯಿಲ್ಲ. ನಮ್ಮ ಸರ್ ಬಗ್ಗಿ, ಮತ್ತು ಕೊಡುವ ಬಾಯ್ಲ್ಸ್ ಮಶೀನಿನ ಸೋಡಾ ಲೈಮ್ ಡಬ್ಬಿ ಮುಟ್ಟಿ, ಕೈ ಹಿಂದೆಳೆದುಕೊಂಡರು. ಉಸಿರಿನ ಕಾರ್ಬನ್ ಡೈಆಕ್ಸೈಡನ್ನು ಹೀರುವ ಡಬ್ಬಿ ಅದು. ಹೀರಿ ಹೀರಿ ಅಷ್ಟು ಕಾದಿತ್ತು. ‘ಗ್ಯಾಸ್ ಬಂದ್ ಮಾಡು’ ಅಂದರು, ಅಷ್ಟೇ. ಮದ್ದು ನಿಲ್ಲಿಸಿ, ತಣ್ಣನೆ ಸಲೈನ್ ಹಾಕಿ, ಐಸ್ ಇಟ್ಟು ಆ ರೋಗಿಯನ್ನು ಉಳಿಸಿಕೊಂಡೆವು. ಆ ಡಬ್ಬಿಯ ಬಿಸಿ ಇವತ್ತಿಗೂ ನನಗೆ ಮರೆತಿಲ್ಲ.

ಈಗ ಯಾವ ಮದ್ದು ಆಗುವುದಿಲ್ಲ ಅನ್ನೋದನ್ನು ಬರೆದಿಟ್ಟುಕೊಳ್ಳಿ. ಮೂಗಿಗೆ ಮಾಸ್ಕ್ ಹಿಡಿದು ಕೊಡುವ ಗ್ಯಾಸುಗಳು: ಹ್ಯಾಲೋಥೇನ್, ಐಸೋಫ್ಲುರೇನ್, ಸೆವೋಫ್ಲುರೇನ್, ಡೆಸ್ಫ್ಲುರೇನ್. ಮತ್ತೆ ಸ್ನಾಯು ಸಡಿಲ ಮಾಡುವ ಒಂದು ಇಂಜೆಕ್ಷನ್, ಸಕ್ಸಿನೈಲ್‌ಕೋಲಿನ್, ಓಟಿಯಲ್ಲಿ ಎಲ್ಲರೂ ಸ್ಕೋಲಿನ್ ಅನ್ನುವುದು. ಈಗ ಬಳಕೆಯಲ್ಲಿರುವವುಗಳಲ್ಲಿ ಇಷ್ಟೇ. ಪ್ರೊಪೊಫಾಲ್, ಕೆಟಮಿನ್, ಮಿಡಾಜೋಲಾಂ, ಫೆಂಟನಿಲ್, ವೆಕ್ಯುರೋನಿಯಂ, ಅಟ್ರಾಕ್ಯುರಿಯಂ, ನೈಟ್ರಸ್ ಆಕ್ಸೈಡ್ ಎಲ್ಲ ಕೊಡಬಹುದು. ಬೆನ್ನಿಗೆ ಕೊಡುವ ಸ್ಪೈನಲ್, ಹಲ್ಲಿನ ಡಾಕ್ಟರು ಕೊಡುವ ಮರಗಟ್ಟುವ ಇಂಜೆಕ್ಷನ್ ಕೂಡ ಸೇಫ್. ನಿಮ್ಮ ಅಣ್ಣ ಭಯಪಟ್ಟು ಹಲ್ಲು ಕೀಳಿಸದೆ ನೋವು ತಿನ್ನುತ್ತಿದ್ದರೆ ಇದನ್ನು ಅವರಿಗೆ ಹೇಳಿ.

ಅತ್ತೆಯವರ ತಂಪಿನ ವಿಷಯ. ಉಷ್ಣದ ಮೈಗೂ ಇದಕ್ಕೂ ಸಂಬಂಧ ಇಲ್ಲ. ಬಾಯಿಹುಣ್ಣು, ಕಣ್ಣುರಿ ಬರುವವರಿಗೆ ಇದು ಜಾಸ್ತಿ, ಉಳಿದವರಿಗೆ ಕಮ್ಮಿ ಅಂತೇನೂ ಇಲ್ಲ. ಕೋಕಂ, ತಂಬುಳಿ ಕೊಡಲಿ, ಒಳ್ಳೆಯದೇ, ಆದರೆ ಅದರಿಂದ ಆ ಬಾಗಿಲು ರಿಪೇರಿ ಆಗುವುದಿಲ್ಲ. ಆಪರೇಶನ್ ದಿನ ಬೆಳಿಗ್ಗೆ ಮಾತ್ರ ಪ್ರೀತಿಯಿಂದ ಒಂದು ಲೋಟ ಮಜ್ಜಿಗೆ ತಂಬುಳಿ ಕುಡಿಸಿಬಿಟ್ಟರೆ ಅದು ನಿಜವಾದ ಅಪಾಯ. ಹೊಟ್ಟೆಯಲ್ಲಿದ್ದದ್ದು ಮತ್ತಿನಲ್ಲಿ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿಯುತ್ತದೆ. ಊಟ, ಹಾಲು, ಮಜ್ಜಿಗೆ 6 ಗಂಟೆ ಮೊದಲೇ ನಿಲ್ಲಬೇಕು. ಬರೀ ನೀರು 2 ಗಂಟೆ ಮೊದಲಿನವರೆಗೆ ಕೊಡಬಹುದು.

ಇದು ಅಲರ್ಜಿಯೂ ಅಲ್ಲ. ಚರ್ಮಕ್ಕೆ ಚುಚ್ಚಿ ನೋಡುವ ಟೆಸ್ಟ್ ಡೋಸ್‌ನಿಂದ ಏನೂ ಗೊತ್ತಾಗುವುದಿಲ್ಲ. ಇನ್ನೊಂದು ತಪ್ಪು ತಿಳಿವಳಿಕೆ ಇದಕ್ಕಿಂತ ಅಪಾಯದ್ದು. ‘ಒಂದ್ಸಲ ಮತ್ತು ಕೊಟ್ಟಾಗ ಏನೂ ಆಗಿಲ್ಲ, ಹಾಗಾದರೆ ಇವನಿಗಿಲ್ಲ’ ಅನ್ನೋದು. ಈ ಗುಣ ಇರುವವರಿಗೂ ಪ್ರತಿ ಸಲ ಹೀಗೆ ಆಗುವುದಿಲ್ಲ. ಎರಡು ಸಲ ಸುಮ್ಮನಿದ್ದು ಮೂರನೇ ಸಲ ಕಾಣಿಸಿಕೊಂಡದ್ದು ಬೇಕಾದಷ್ಟಿದೆ. ಹಾಗಾಗಿ ನಿಮಗೆ ಹೆರಿಗೆಯಲ್ಲೋ ಮತ್ತೆಲ್ಲೋ ಮತ್ತು ಕೊಟ್ಟು ಎಲ್ಲ ಚೆನ್ನಾಗೇ ಆಗಿದ್ದರೂ ಅದನ್ನು ನಂಬಿ ಕೂರಬೇಡಿ.

ಹಾಗೇ, ಮನೆಯಲ್ಲಿ ಯಾರಿಗೋ ಆಪರೇಶನ್‌ನಲ್ಲಿ ತೊಂದರೆಯಾಯಿತು ಅಂದರೆ ಎಲ್ಲವೂ ಇದೇ ಅಲ್ಲ. ಸ್ಕೋಲಿನ್ ಕೊಟ್ಟ ಮೇಲೆ ಗಂಟೆಗಟ್ಟಲೆ ಉಸಿರಾಟ ಮರಳದೇ ವೆಂಟಿಲೇಟರ್‌ನಲ್ಲಿ ಇಡಬೇಕಾಗುವ ಒಂದು ಬೇರೆಯದೇ ಆನುವಂಶಿಕ ದೋಷ ಇದೆ, ಅದರಲ್ಲಿ ಜ್ವರ ಇಲ್ಲ, ಸೆಟೆಯುವುದಿಲ್ಲ. ಆಪರೇಶನ್ ಆಗಿ ಮೂರನೇ ದಿನ ಬರುವ ಜ್ವರ ಬಹುತೇಕ ಸೋಂಕಿನದು. ನಿಮ್ಮ ಅಜ್ಜನ ತಮ್ಮನಿಗೆ ಏನಾಗಿತ್ತು ಅಂತ ಈಗ ಯಾರೂ ಹೇಳಲಾರರು. ಆದರೆ ಅಣ್ಣನದು, ನೀವು ಬರೆದ ರೀತಿ, ಸೆಟೆದದ್ದು, ಜ್ವರ, ಮೂತ್ರದ ಬಣ್ಣ, ಮೇಲಿಂದ ಕಾಗದದಲ್ಲಿ ಬರೆದ ಹೆಸರು, ಇಷ್ಟು ಸಾಕು. ನಾನಾದರೆ ಈ ಮನೆಯ ಎಲ್ಲರನ್ನೂ, ಬೇರೆ ಸಾಬೀತಾಗುವವರೆಗೆ, ಈ ಗುಣ ಇರುವವರು ಅಂತಲೇ ನೋಡುತ್ತೇನೆ.

ಲೆಕ್ಕ ಹೀಗಿದೆ. ತಂದೆ ಅಥವಾ ತಾಯಿ, ಯಾರೊಬ್ಬರಿಂದ ಬಂದರೂ ಸಾಕು, ಗಂಡು ಹೆಣ್ಣು ಅಂತ ಭೇದ ಇಲ್ಲ. ಅಣ್ಣನಿಗಿದ್ದರೆ ನಿಮಗಿರುವ ಸಾಧ್ಯತೆ ನೂರಕ್ಕೆ 50. ನಿಮ್ಮಿಂದ ಮಗನಿಗೆ ಇಳಿದಿರುವ ಸಾಧ್ಯತೆ ಅದರ ಅರ್ಧ, ನೂರಕ್ಕೆ 25. ಅಂದರೆ ಇಲ್ಲದಿರುವ ಸಾಧ್ಯತೆಯೇ ಜಾಸ್ತಿ. ಆದರೂ 25 ಅನ್ನೋದು ಕಣ್ಣುಮುಚ್ಚಿ ದಾಟುವ ಸಂಖ್ಯೆ ಅಲ್ಲ. ಅಣ್ಣನ ಮಕ್ಕಳಿಗೆ ಇದು 50. ಅವರನ್ನು ಮರೆಯಬೇಡಿ.

ಪರೀಕ್ಷೆ ಇದೆಯಾ ಅಂದರೆ ಎರಡಿವೆ. ಒಂದು, ತೊಡೆಯ ಸ್ನಾಯುವಿನ ತುಣುಕು ತೆಗೆದು, ಅದು ಜೀವಂತ ಇರುವಾಗಲೇ ಹ್ಯಾಲೋಥೇನ್ ಮತ್ತು ಕೆಫೀನ್ ಸೋಕಿಸಿ ಎಷ್ಟು ಬಿಗಿಯುತ್ತದೆ ಅಂತ ನೋಡುವುದು. ಅತ್ಯಂತ ನಂಬಿಕಸ್ಥ ಪರೀಕ್ಷೆ ಅದೇ, ಆದರೆ ಲೋಕದಲ್ಲೇ ಕೆಲವೇ ಕಡೆ ಮಾಡುತ್ತಾರೆ, ಚಿಕ್ಕ ಮಕ್ಕಳಿಗೆ ಮಾಡುವಂಥದ್ದಲ್ಲ. ನಮ್ಮ ಸುತ್ತಮುತ್ತ ಸಿಗುವುದೂ ಇಲ್ಲ. ಇನ್ನೊಂದು ರಕ್ತದಿಂದ ಮಾಡುವ ಜೀನ್ ಪರೀಕ್ಷೆ. ಇದನ್ನು ಮಗನಿಗೆ ಮೊದಲು ಮಾಡಿಸಬೇಡಿ, ಅಣ್ಣನಿಗೆ ಮಾಡಿಸಿ. ಎಷ್ಟೋ ಜನ ಇಲ್ಲೇ ಎಡವುತ್ತಾರೆ. ಅಣ್ಣನಲ್ಲಿ ಇಂಥದೇ ದೋಷ ಅಂತ ಸಿಕ್ಕಿದರೆ ಮಾತ್ರ ಮಗನ ರಕ್ತದಲ್ಲಿ ಏನು ಹುಡುಕಬೇಕು ಅಂತ ಗೊತ್ತಾಗುತ್ತದೆ. ಸುಮ್ನೆ ಮಗನಿಗೊಂದೇ ಮಾಡಿಸಿ ‘ಏನೂ ಸಿಗಲಿಲ್ಲ’ ಅಂತ ರಿಪೋರ್ಟ್ ಬಂದರೆ ಅದರಿಂದ ಧೈರ್ಯ ತಂದುಕೊಳ್ಳುವ ಹಾಗಿಲ್ಲ, ಯಾಕಂದರೆ ಗೊತ್ತಿಲ್ಲದ ದೋಷಗಳು ಇನ್ನೂ ಇವೆ. ಸಿಕ್ಕಿದರೆ ಖಚಿತ, ಸಿಗದಿದ್ದರೆ ಖಚಿತ ಅಲ್ಲ. ರಿಪೋರ್ಟ್ ಬರಲು ವಾರಗಳು ಹಿಡಿಯುತ್ತವೆ. ಮಗನ ಆಪರೇಶನ್ ಅದಕ್ಕೆ ಕಾಯಬೇಕಾಗಿಲ್ಲ. ಈ ಗುಣ ಇದೆ ಅಂತಲೇ ಹಿಡಿದು ಆಪರೇಶನ್ ಮಾಡಿದರಾಯಿತು, ಅದರಿಂದ ಮಗುವಿಗೆ ನಷ್ಟ ಏನಿಲ್ಲ.

ಬೆನ್ನಿನ ಇಂಜೆಕ್ಷನ್ ಟಾನ್ಸಿಲ್‌ಗೆ ಆಗುವುದಿಲ್ಲ. ಅದು ಕಿಬ್ಬೊಟ್ಟೆಯಿಂದ ಕೆಳಗಿನ ಕೆಲಸಕ್ಕೆ. ಗಂಟಲಿನ ಒಳಗೆ ಕೆಲಸ ಮಾಡುವಾಗ 9 ವರ್ಷದ ಹುಡುಗ ಪೂರ್ತಿ ನಿದ್ದೆಯಲ್ಲಿರಬೇಕು, ಉಸಿರಿನ ಕೊಳವೆ ಹಾಕಿರಬೇಕು. ಆ ನಿದ್ದೆಯನ್ನು ಗ್ಯಾಸ್ ಇಲ್ಲದೆ ಕೊಡಬಹುದು. ಕೈಗೆ ಸೂಜಿ ಹಾಕಿ, ಪಂಪಿನಲ್ಲಿ ಪ್ರೊಪೊಫಾಲ್ ಒಂದೇ ಸಮ ಹರಿಸುತ್ತಾ ಇಡುವುದು. ನಾವು ಟೀವಾ ಅನ್ನುತ್ತೇವೆ. ಹೊಸ ವಿದ್ಯೆ ಏನಲ್ಲ, ದಿನವೂ ಮಾಡುತ್ತೇವೆ. ಒಂದೇ ಕಷ್ಟ, ಮಕ್ಕಳಿಗೆ ಸಾಮಾನ್ಯವಾಗಿ ಮೊದಲು ಮಾಸ್ಕಿನಲ್ಲಿ ಸೆವೋಫ್ಲುರೇನ್ ಊದಿಸಿ ಮಲಗಿಸಿ ಆಮೇಲೆ ಸೂಜಿ ಹಾಕುವುದು ರೂಢಿ. ನಿಮ್ಮ ಮಗನಿಗೆ ಅದು ನಡೆಯುವುದಿಲ್ಲ. ಎಚ್ಚರ ಇರುವಾಗಲೇ ಸೂಜಿ ಹಾಕಬೇಕು. ಒಂದು ಗಂಟೆ ಮೊದಲು ಕೈಗೆ ಮರಗಟ್ಟುವ ಕ್ರೀಮ್ ಹಚ್ಚಿ ಪ್ಲಾಸ್ಟರ್ ಹಾಕಿದರೆ ನೋವು ಅಷ್ಟಾಗಿ ಗೊತ್ತಾಗುವುದಿಲ್ಲ. ‘ಚುಚ್ಚೋದಿಲ್ಲ’ ಅಂತ ಸುಳ್ಳು ಹೇಳಿ ಕರೆದುಕೊಂಡು ಹೋಗಬೇಡಿ, ಹೇಳಿಯೇ ಕರೆದುಕೊಂಡು ಹೋಗಿ.

ಮಶೀನಿನ ತಯಾರಿ ದೊಡ್ಡ ಕೆಲಸ. ನಿನ್ನೆಯ ರೋಗಿಗೆ ಕೊಟ್ಟ ಗ್ಯಾಸ್ ಮಶೀನಿನ ರಬ್ಬರು, ಪ್ಲಾಸ್ಟಿಕ್ಕಿನಲ್ಲಿ ಉಳಿದಿರುತ್ತದೆ. ಹಾಗಾಗಿ ಗ್ಯಾಸ್ ಬಿಡುವ ವೇಪರೈಸರ್ ಬಿಚ್ಚಿ ಹೊರಗಿಡಬೇಕು, ಕೊಳವೆಗಳು, ಬ್ಯಾಗು, ಸೋಡಾ ಲೈಮ್ ಎಲ್ಲ ಹೊಸದು ಹಾಕಬೇಕು. ಆಮೇಲೆ ಆಕ್ಸಿಜನ್ ಜೋರಾಗಿ ಬಿಟ್ಟು ತೊಳೆಯಬೇಕು. ಹಳೆಯ ಸಾದಾ ಮಶೀನಾದರೆ 20 ನಿಮಿಷಕ್ಕೆ ಆಗುತ್ತದೆ, ಹೊಸ ಎಲೆಕ್ಟ್ರಾನಿಕ್ ಮಶೀನುಗಳಿಗೆ ಒಂದು ಗಂಟೆಯೂ ಮೀರುತ್ತದೆ. ಹೊಸದು ಅಂದರೆ ಬೇಗ ಆಗುತ್ತದೆ ಅಂತ ಜನ ತಿಳಿಯುತ್ತಾರೆ, ಇಲ್ಲಿ ತಿರುಗಾ ಮುರುಗಾ. ಇದ್ದಿಲಿನ ವಿಶೇಷ ಫಿಲ್ಟರ್ ಇದ್ದರೆ ಎರಡೇ ನಿಮಿಷದ ಕೆಲಸ. ಅದಕ್ಕೇ ದಿನದ ಮೊದಲ ಕೇಸ್ ಆಗಿ ಹಾಕಿಸಿಕೊಳ್ಳಿ.

ಇನ್ನೊಂದು ಸಣ್ಣ ವಿಷಯ, ನನ್ನ ಮಟ್ಟಿಗೆ ಬಹಳ ಮುಖ್ಯ. ಟಾನ್ಸಿಲ್ ಆಪರೇಶನ್ ಮುಗಿದು ಮಗು ಏಳುವಾಗ ಗಂಟಲು ಗಕ್ಕನೆ ಮುಚ್ಚಿಕೊಳ್ಳುವುದುಂಟು. ಆಗ ಅನಸ್ತೇಶಿಯಾ ಡಾಕ್ಟರ ಕೈ ಅಭ್ಯಾಸಬಲದಿಂದ ಟ್ರೇಯಲ್ಲಿ ಸಿದ್ಧವಾಗಿಟ್ಟ ಸ್ಕೋಲಿನ್ ಸಿರಿಂಜಿಗೇ ಹೋಗುತ್ತದೆ. ಆ ಅರ್ಧ ನಿಮಿಷದಲ್ಲಿ ಯಾರಿಗೂ ಮನೆತನದ ಕಥೆ ನೆನಪಾಗುವುದಿಲ್ಲ. ಅದಕ್ಕೆ ನಾನು ಅಂಥ ರೋಗಿ ಬಂದ ದಿನ ಸ್ಕೋಲಿನ್ ಅನ್ನು ಟ್ರೇಯಿಂದಲ್ಲ, ಓಟಿಯಿಂದಲೇ ಹೊರಗೆ ಇಡಿಸುತ್ತೇನೆ. ಬದಲಿಗೆ ಸ್ನಾಯು ಸಡಿಲ ಮಾಡುವ ಇನ್ನೊಂದು ಸೇಫ್ ಮದ್ದು ರೊಕ್ಯುರೋನಿಯಂ ತುಂಬಿ ಹೆಸರು ಬರೆದು ಇಟ್ಟುಕೊಳ್ಳುತ್ತೇನೆ. ನಿಮ್ಮ ಡಾಕ್ಟರಿಗೆ ಇದನ್ನು ಕೇಳಲು ಸಂಕೋಚ ಬೇಡ, ಒಳ್ಳೆಯ ಡಾಕ್ಟರು ಬೇಜಾರು ಮಾಡಿಕೊಳ್ಳುವುದಿಲ್ಲ.

ಎಲ್ಲಿ ಮಾಡಿಸಬೇಕು? ಮೂರು ದಾರಿ.

ಮಾಡಿಸದೇ ಇರುವುದು. ಬರೀ ಆಗಾಗ ಗಂಟಲು ನೋವು ಅಂತಿದ್ದರೆ ಕಾಯೋಣ ಅನ್ನುತ್ತಿದ್ದೆ. ನಿದ್ದೆಯಲ್ಲಿ ಉಸಿರು ನಿಲ್ಲುತ್ತದೆ ಅಂದಿರಿ. ಅದು ಹಾಗೇ ಮುಂದುವರಿದರೆ ಹೃದಯಕ್ಕೆ, ಓದಿಗೆ, ಬೆಳವಣಿಗೆಗೆ ಪೆಟ್ಟು. ಅಪರೂಪದ ಒಂದು ಅಪಾಯ ತಪ್ಪಿಸಲು ಪ್ರತಿ ರಾತ್ರಿಯ ಅಪಾಯ ಇಟ್ಟುಕೊಂಡ ಹಾಗಾಗುತ್ತದೆ.

ಹತ್ತಿರದಲ್ಲೇ ಮಾಡಿಸುವುದು. ಅಸಾಧ್ಯ ಏನಲ್ಲ. ಗ್ಯಾಸ್, ಸ್ಕೋಲಿನ್ ಎರಡೂ ಇಲ್ಲದೆ ಮಾಡಿದರೆ ಈ ಕಾಯಿಲೆ ಬರುವ ಸಾಧ್ಯತೆ ತೀರಾ ತೀರಾ ಕಮ್ಮಿ. ಆದರೆ ಉಸಿರಿನ ಕಾರ್ಬನ್ ಡೈಆಕ್ಸೈಡ್ ತೋರಿಸುವ ಮಾನಿಟರ್ ಇಲ್ಲದ ಕಡೆ ಬೇಡವೇ ಬೇಡ. ಮತ್ತೊಂದು ಕೊರತೆ ಡ್ಯಾಂಟ್ರೋಲೀನ್.

ಈ ಡ್ಯಾಂಟ್ರೋಲೀನ್ ಬಗ್ಗೆ ಸ್ವಲ್ಪ ಹೇಳುತ್ತೇನೆ. ತೆರೆದ ಆ ಬಾಗಿಲನ್ನು ಮುಚ್ಚುವ ಔಷಧ ಇದೊಂದೇ. 1975ರಲ್ಲಿ ದಕ್ಷಿಣ ಆಫ್ರಿಕಾದ ಹ್ಯಾರಿಸನ್ ಅನ್ನುವವರು ಹಂದಿಗಳ ಮೇಲೆ ಪ್ರಯೋಗ ಮಾಡಿ ತೋರಿಸಿದರು, 1979ರಲ್ಲಿ ಅಮೆರಿಕದಲ್ಲಿ ಇಂಜೆಕ್ಷನ್‌ಗೆ ಒಪ್ಪಿಗೆ ಸಿಕ್ಕಿತು. ಅದಕ್ಕೂ ಮೊದಲು ಈ ಕಾಯಿಲೆ ಬಂದ 10 ಜನರಲ್ಲಿ 7-8 ಜನ ಸಾಯುತ್ತಿದ್ದರು. ಔಷಧ, ಮಾನಿಟರ್ ಎರಡೂ ಇರುವ ಕಡೆ ಈಗ 10ರಲ್ಲಿ ಒಬ್ಬರೂ ಇಲ್ಲ. ಕೆ.ಜಿ.ಗೆ 2.5 ಮಿಲಿಗ್ರಾಂ ಲೆಕ್ಕ. ನಿಮ್ಮ ಮಗನಿಗೆ ಒಂದು ಸಲಕ್ಕೆ 65 ಮಿಲಿಗ್ರಾಂ, ಅಂದರೆ 20 ಮಿಲಿಗ್ರಾಂನ 4 ಬಾಟಲಿ ಒಡೆಯಬೇಕು. ಒಂದೊಂದಕ್ಕೂ 60 ಮಿ.ಲೀ. ನೀರು ಹಾಕಿ ಕುಲುಕಬೇಕು, ಹಳದಿ ಪುಡಿ ಬೇಗ ಕರಗುವುದಿಲ್ಲ. ಒಂದು ಸಲಕ್ಕೆ ನಿಲ್ಲದಿದ್ದರೆ ಮತ್ತೆ ಮತ್ತೆ ಕೊಡಬೇಕು. ಬೆಲೆ ಜಾಸ್ತಿ, ಬೇಕಾಗುವುದು ಅಪರೂಪ, ಅವಧಿ ಮುಗಿದರೆ ಎಸೆಯಬೇಕು. ಹಾಗಾಗಿ ಸಣ್ಣ ಆಸ್ಪತ್ರೆಗಳು ಇಟ್ಟುಕೊಳ್ಳುವುದಿಲ್ಲ. ಮುಂಚಿತವಾಗಿ ಇದನ್ನೇ ಕೊಟ್ಟುಬಿಟ್ಟರೆ ಆಗದಾ ಅಂತ ಕೆಲವರು ಕೇಳುತ್ತಾರೆ. ಬೇಡ, ಮೈಯ ಬಲ ಕುಂದುತ್ತದೆ, ಗ್ಯಾಸ್ ತಪ್ಪಿಸಿದರೆ ಅದರ ಅಗತ್ಯವೂ ಇಲ್ಲ.

ಮೂರನೆಯದು, ಮಣಿಪಾಲ, ಮಂಗಳೂರು, ಹುಬ್ಬಳ್ಳಿ ಕಡೆಯ ದೊಡ್ಡ ಆಸ್ಪತ್ರೆ. ನಿಮ್ಮದು ಮೊದಲೇ ದಿನ ಗೊತ್ತು ಮಾಡಿ ಮಾಡುವ ಆಪರೇಶನ್ ಆದ್ದರಿಂದ ನನ್ನ ಸಲಹೆ ಇದೇ. ಮಕ್ಕಳ ಐಸಿಯು ಇರುತ್ತದೆ, ಟೀವಾ ದಿನವೂ ಮಾಡುವ ಕೈಗಳಿರುತ್ತವೆ. ಆದರೆ ದೊಡ್ಡ ಆಸ್ಪತ್ರೆ ಅಂದಮಾತ್ರಕ್ಕೆ ಡ್ಯಾಂಟ್ರೋಲೀನ್ ಇದೆ ಅಂತ ಅಂದುಕೊಳ್ಳಬೇಡಿ. ‘ಇದೆಯಾ, ಎಷ್ಟು ಬಾಟಲಿ ಇದೆ’ ಅಂತ ಫೋನಿನಲ್ಲೇ ಕೇಳಿ. ಆಪರೇಶನ್‌ಗೆ ಎರಡು ವಾರ ಮೊದಲು, ಸರ್ಜನ್ ಅಲ್ಲ, ಅನಸ್ತೇಶಿಯಾ ಡಾಕ್ಟರನ್ನೇ ಭೇಟಿ ಮಾಡಿ. ಖರ್ಚು, ಓಡಾಟ ಎರಡೂ ಹೌದು. ಜಿಲ್ಲೆಯಲ್ಲೇ ಇಂಥ ಆಸ್ಪತ್ರೆ ಬೇಕು ಅಂತ ನಮ್ಮ ಜನ ವರ್ಷಗಟ್ಟಲೆ ಕೇಳುತ್ತಿರುವುದು ಸುಮ್ನೆ ಅಲ್ಲ. 2024ರ ಜುಲೈನಲ್ಲಿ ಅಂಕೋಲಾ ತಾಲ್ಲೂಕಿನ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿ ಬಂದ್ ಆದದ್ದು ನಿಮಗೂ ನೆನಪಿರಬೇಕು. ಸಾಧ್ಯವಾದರೆ ಜೋರು ಮಳೆಯ ತಿಂಗಳು ಬಿಟ್ಟು ದಿನ ಗೊತ್ತು ಮಾಡಿ.

ಅರ್ಜೆಂಟ್ ಬಂದರೆ ಮಾತು ಬೇರೆ. ನಾಳೆ ರಾತ್ರಿ 2 ಗಂಟೆಗೆ ನಿಮ್ಮಲ್ಲಿ ಯಾರಿಗೋ ಅಪೆಂಡಿಕ್ಸ್ ಒಡೆಯಿತು ಅಂದರೆ ಡ್ಯಾಂಟ್ರೋಲೀನ್ ಹುಡುಕುತ್ತಾ ಘಟ್ಟ ಹತ್ತಬೇಡಿ. ಹತ್ತಿರದ ಆಸ್ಪತ್ರೆಗೇ ಹೋಗಿ, ಬಾಗಿಲಲ್ಲೇ ಹೇಳಿ. ಸ್ಪೈನಲ್ಲೋ ಟೀವಾನೋ ಕೊಟ್ಟು ಮಾಡುತ್ತಾರೆ.

ಹೇಳುವಾಗ ಬಾಯಿಮಾತು ಸಾಲದು. ಪ್ರಜ್ಞೆ ತಪ್ಪಿ ಬಿದ್ದವರು ಏನು ಹೇಳುತ್ತಾರೆ? ಒಂದು ಕಾರ್ಡ್ ಮಾಡಿಸಿ, ಆಧಾರ್ ಜೊತೆ ಇಟ್ಟುಕೊಳ್ಳಿ. ಹೆಸರು, ‘ಮಲಿಗ್ನೆಂಟ್ ಹೈಪರ್‌ಥರ್ಮಿಯಾ ಇರುವ ಮನೆತನ’, ‘ಸ್ಕೋಲಿನ್ ಮತ್ತು ಅನಸ್ತೇಶಿಯಾ ಗ್ಯಾಸುಗಳು ಬೇಡ’ ಅಂತ ಕನ್ನಡ, ಇಂಗ್ಲಿಷ್ ಎರಡರಲ್ಲೂ ಬರೆಯಿಸಿ. ನಿಮಗೆ, ಮಗನಿಗೆ, ಅಣ್ಣನಿಗೆ, ಅಣ್ಣನ ಮಕ್ಕಳಿಗೆ. ಅಜ್ಜನ ತಮ್ಮನ ಮಕ್ಕಳ ಸಂಪರ್ಕ ಇದ್ದರೆ ಅವರಿಗೂ ಒಂದು ಫೋನ್ ಮಾಡಿ.

ಆಪರೇಶನ್ ಆದ ಮೇಲೆ ಮಗನನ್ನು ಒಂದು ರಾತ್ರಿಯಾದರೂ ಆಸ್ಪತ್ರೆಯಲ್ಲೇ ಇಡಿಸಿಕೊಳ್ಳಿ, ಟಾನ್ಸಿಲ್ ಗಾಯದಿಂದ ರಕ್ತ ಬರುತ್ತದಾ ಅಂತ ನೋಡಲೂ ಅದು ಬೇಕು. ಮೊದಲ ದಿನ ಮೂತ್ರದ ಬಣ್ಣ ನೀವೇ ನೋಡಿ. ಕೋಲಾದ ಹಾಗೆ ಕಂಡರೆ, ಮೈ ಬಿಗಿದರೆ ತಕ್ಷಣ ಕರೆಯಿರಿ. ಮನೆಗೆ ಬಂದ ಮೇಲೆ ಓಡಲಿ, ಕ್ರಿಕೆಟ್ ಆಡಲಿ. ಬಿರುಬಿಸಿಲಲ್ಲಿ ದಣಿದು ಪದೇ ಪದೇ ಸ್ನಾಯು ಹಿಡಿಯುವುದು, ಮೂತ್ರ ಕಪ್ಪಾಗುವುದು ಕಂಡರೆ ಮಾತ್ರ ತೋರಿಸಿ.

ಅಣ್ಣನ ಹಳೆಯ ಫೈಲಿನಲ್ಲಿ ‘ಅನಸ್ತೇಶಿಯಾ ರೆಕಾರ್ಡ್’ ಅಂತ ಚೌಕುಳಿ ಗೆರೆಗಳ ಒಂದು ಹಾಳೆ ಇದೆಯಾ ನೋಡಿ. ಇಲ್ಲದಿದ್ದರೆ ಆ ಆಸ್ಪತ್ರೆಗೆ ಅರ್ಜಿ ಕೊಟ್ಟು ಪ್ರತಿ ಕೇಳಿ. ಯಾವ ಮದ್ದು ಎಷ್ಟು ಗಂಟೆಗೆ ಕೊಟ್ಟರು, ಯಾವಾಗ ಏರಿತು ಅಂತ ಅದರಲ್ಲಿ ಬರೆದಿರುತ್ತದೆ. ಮಗನನ್ನು ನೋಡುವ ಅನಸ್ತೇಶಿಯಾ ಡಾಕ್ಟರು ಎಲ್ಲಕ್ಕಿಂತ ಮೊದಲು ಕೇಳುವುದು ಆ ಹಾಳೆಯನ್ನೇ.